ಹೊಸ ಟ್ಯಾಂಕಿಗೆ ಬಿಟ್ಟ ಫೈಟರ್ ಮೀನು ಎರಡೇ ವಾರಕ್ಕೆ ಸಾಯುವುದೇಕೆ? ನಮ್ಮ ಬಾವಿ ನೀರಿಗೆ ತಕ್ಕ ಉಪಾಯ ಇಲ್ಲಿದೆ

ಬಂಟ್ವಾಳ: ಶಾಲೆಗೆ ರಜೆ ಸಿಕ್ಕಿದರೆ ಸಾಕು, ಬಿ.ಸಿ. ರೋಡ್, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗೆ ಬಂದ ಮಕ್ಕಳ ಕಣ್ಣು ಅಕ್ವೇರಿಯಂ ಅಂಗಡಿಯ ಮೇಲೆ. ಸಣ್ಣ ಪ್ಲಾಸ್ಟಿಕ್ ಕಪ್ಪಿನಲ್ಲಿ ರೆಕ್ಕೆ ಬಿಡಿಸಿ ನಿಂತ ನೀಲಿ, ಕೆಂಪು ಬೆಟ್ಟ ಮೀನು, ಅಂದರೆ ಎಲ್ಲರೂ ಹೇಳುವ ಫೈಟರ್, ಕಂಡರೆ ಬೇಕೇ ಬೇಕು. ಅಪ್ಪ ಒಂದು ಗಾಜಿನ ಟ್ಯಾಂಕ್, ಬಣ್ಣದ ಕಲ್ಲು, ಆಹಾರದ ಡಬ್ಬಿ, ಜತೆಗೆ ಮೀನು ತಕೊಂಡು ಮನೆಗೆ ಬರುತ್ತಾರೆ. ಅದೇ ಸಂಜೆ ಬಾವಿ ನೀರು ತುಂಬಿಸಿ ಮೀನು ಬಿಟ್ಟಾಗುತ್ತದೆ.

ಮೊದಲ ನಾಲ್ಕು ದಿನ ಮೀನು ಚುರುಕಾಗಿರುತ್ತದೆ. ಐದನೇ ದಿನ ಆಹಾರ ಬಿಡುತ್ತದೆ. ಎಂಟು, ಹತ್ತನೇ ದಿನಕ್ಕೆ ರೆಕ್ಕೆ ಮಡಚಿ ಮೂಲೆಯಲ್ಲಿ ಕೂರುತ್ತದೆ. ಎರಡನೇ ವಾರ ಮುಗಿಯುವುದರೊಳಗೆ ಒಂದು ಬೆಳಗ್ಗೆ ಅಡ್ಡ ಬಿದ್ದಿರುತ್ತದೆ. ಮಗು ಅಳುತ್ತದೆ. "ನೀವು ಕೊಟ್ಟ ಮೀನು ಸರಿ ಇಲ್ಲ ಮಾರಾಯ್ರೆ" ಅಂತ ಅಂಗಡಿಯಲ್ಲಿ ಮಾತಾಗುತ್ತದೆ. ಇನ್ನೊಂದು ಮೀನು ಬರುತ್ತದೆ, ಅದಕ್ಕೂ ಹಾಗೆಯೇ ಆಗುತ್ತದೆ. ಮೂರನೇ ಸಲಕ್ಕೆ ಟ್ಯಾಂಕ್ ಅಟ್ಟ ಸೇರುತ್ತದೆ.

ಇಂಥ ಸಾವುಗಳಲ್ಲಿ ಹೆಚ್ಚಿನವಕ್ಕೆ ಮೀನಿನ ದೋಷವೂ ಕಾರಣ ಅಲ್ಲ, ಅಂಗಡಿಯವರ ಮೋಸವೂ ಅಲ್ಲ. ನೋಡಲು ತಿಳಿಯಾಗಿದ್ದ ಆ ನೀರು ಮೀನಿಗೆ ಇನ್ನೂ ತಯಾರಾಗಿರಲಿಲ್ಲ, ಅಷ್ಟೇ. ಟ್ಯಾಂಕನ್ನು ತಯಾರು ಮಾಡುವ ಈ ಕೆಲಸಕ್ಕೆ ಮೀನು ಸಾಕುವವರು 'ಸೈಕ್ಲಿಂಗ್' ಅನ್ನುತ್ತಾರೆ. ನಾಲ್ಕರಿಂದ ಆರು ವಾರ ಬೇಕು. ಖರ್ಚು ಹೆಚ್ಚಿಲ್ಲ, ಬೇಕಾದದ್ದು ತಾಳ್ಮೆ.

ಕಣ್ಣಿಗೆ ಕಾಣದ ವಿಷ

ಮೀನು ನೀರಲ್ಲೇ ಉಂಡು ನೀರಲ್ಲೇ ವಿಸರ್ಜಿಸುತ್ತದೆ. ಅದರ ಕಿವಿರಿನಿಂದ ಅಮೋನಿಯಾ ಹೊರಗೆ ಬರುತ್ತಲೇ ಇರುತ್ತದೆ. ಮಲ ಮತ್ತು ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾವೇ. ಇದಕ್ಕೆ ಬಣ್ಣ ಇಲ್ಲ, ಟ್ಯಾಂಕಿನಲ್ಲಿರುವ ಪ್ರಮಾಣಕ್ಕೆ ವಾಸನೆಯೂ ಬರುವುದಿಲ್ಲ. ಆದ್ರೆ ಕಿವಿರನ್ನು ಸುಡುತ್ತದೆ.

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಎದುರು ಕಪಿಲಾ ನದಿಯಲ್ಲಿ ದೇವರ ಮೀನುಗಳ ಹಿಂಡನ್ನು ನೋಡಿದವರಿಗೆ ಒಂದು ಪ್ರಶ್ನೆ ಬರಬಹುದು. ಅಷ್ಟು ಮೀನು ಒಂದೇ ಕಡೆ, ಭಕ್ತರು ಹಾಕುವ ಆಹಾರವೂ ಅಲ್ಲೇ, ಆದರೂ ನೀರು ಹಾಳಾಗದ್ದು ಹೇಗೆ? ಅಲ್ಲಿ ನೀರು ಹರಿಯುತ್ತದೆ, ಕಶ್ಮಲವನ್ನು ಕೊಂಡೊಯ್ಯುತ್ತದೆ. ಜತೆಗೆ ನದಿಯ ಪ್ರತಿ ಕಲ್ಲಿನ ಮೇಲೆ, ಮರಳಿನ ಕಣದ ಮೇಲೆ ಬ್ಯಾಕ್ಟೀರಿಯಾಗಳು ಅಂಟಿಕೊಂಡು ಕೆಲಸ ಮಾಡುತ್ತವೆ. ಮನೆಯ 20 ಲೀಟರ್ ಗಾಜಿನ ಪೆಟ್ಟಿಗೆಯಲ್ಲಿ ಹರಿವೂ ಇಲ್ಲ, ಮೊದಲ ದಿನ ಆ ಬ್ಯಾಕ್ಟೀರಿಯಾವೂ ಇಲ್ಲದಷ್ಟು ಕಡಿಮೆ.

ಈ ಬ್ಯಾಕ್ಟೀರಿಯಾ ಮಾಡುವ ಕೆಲಸ ಎರಡು ಹಂತದ್ದು. ಒಂದು ಬಳಗ ಅಮೋನಿಯಾವನ್ನು ತಿಂದು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಬಳಗ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ ವಿಷ, ನೈಟ್ರೈಟ್ ಕೂಡ ವಿಷ. ಕೊನೆಗೆ ಉಳಿಯುವ ನೈಟ್ರೇಟ್ ಸ್ವಲ್ಪ ಪ್ರಮಾಣದಲ್ಲಿ ಇದ್ದರೆ ಮೀನು ತಡೆದುಕೊಳ್ಳುತ್ತದೆ, ಗಿಡ ಇದ್ದರೆ ಹೀರಿಕೊಳ್ಳುತ್ತದೆ, ಉಳಿದದ್ದು ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದಾಗ ಹೊರಗೆ ಹೋಗುತ್ತದೆ.

ಅಡಕೆ ತೋಟ ಇರುವವರಿಗೆ ಇದು ಹೊಸ ವಿಷಯ ಅಲ್ಲ. ಹಸಿ ಸೆಗಣಿಯನ್ನು ನೇರ ಗಿಡದ ಬುಡಕ್ಕೆ ಸುರಿದರೆ ಎಳೆ ಬೇರು ಸುಡುತ್ತದೆ. ಹಟ್ಟಿಗೊಬ್ಬರ ಮಾಗಿದ ಮೇಲೆ ಹಾಕಿದರೆ ಗಿಡ ಏಳುತ್ತದೆ. ಯೂರಿಯಾ ಹಾಕಿದರೂ ಮಣ್ಣಿನೊಳಗೆ ಅದರಿಂದ ಬರುವ ಅಮೋನಿಯಾ ನೈಟ್ರೇಟ್ ಆಗಿ ಬದಲಾಗುವುದು ಇದೇ ಬಗೆಯ ಬ್ಯಾಕ್ಟೀರಿಯಾಗಳಿಂದ. ಇವುಗಳನ್ನು ಮೊದಲು ಬೇರ್ಪಡಿಸಿ ಗುರುತಿಸಿದ್ದು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ, 1890ರ ಹೊತ್ತಿಗೆ, ಅದೂ ಮಣ್ಣಿನಿಂದಲೇ.

ಸಮಸ್ಯೆ ಏನೆಂದರೆ ಈ ಬ್ಯಾಕ್ಟೀರಿಯಾಗಳು ಬಹಳ ನಿಧಾನ. ಹಾಲು ಹುಳಿ ಮಾಡುವ ಬ್ಯಾಕ್ಟೀರಿಯಾ ರಾತ್ರಿ ಬೆಳಗಾಗುವುದರೊಳಗೆ ಕೆಲಸ ಮುಗಿಸುತ್ತದೆ. ಇವು ಒಂದರಿಂದ ಎರಡಾಗುವುದಕ್ಕೇ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ತೆಗೆದುಕೊಳ್ಳುತ್ತವೆ. ಹಾಗಾಗಿ ವಾರಗಟ್ಟಲೆ ಕಾಯಬೇಕು.

'ಫೈಟರ್ ಬಾಟ್ಲಿಯಲ್ಲೂ ಬದುಕುತ್ತದೆ' ಎಂಬ ಮಾತು

ಇದು ಅರ್ಧ ಸತ್ಯ. ಬೆಟ್ಟ ಮೀನಿನ ಮೂಲ ಊರು ಥಾಯ್ಲೆಂಡ್. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ಅಲ್ಲಿನ ಭತ್ತದ ಗದ್ದೆ, ಜೌಗು, ತೋಡುಗಳಲ್ಲಿ ಇದು ಬೆಳೆಯುತ್ತದೆ. ನಮ್ಮ ಗದ್ದೆಯ ಮುಗುಡಿನ ಹಾಗೆ ಇದಕ್ಕೂ ಗಾಳಿ ಉಸಿರಾಡುವ ಅಂಗ ಉಂಟು. ಮೇಲೆ ಬಂದು ಬಾಯಿ ತುಂಬ ಗಾಳಿ ತಕೊಂಡು ಹೋಗುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆ ಇದ್ದರೂ ಸಾಯುವುದಿಲ್ಲ.

ಆದ್ರೆ ಗದ್ದೆಯ ನೀರು ಆಳ ಇಲ್ಲದಿದ್ದರೂ ಅಗಲ ಎಷ್ಟು? ಕೆಸರು, ಗಿಡ, ಬೇರು, ಎಲ್ಲದರ ಮೇಲೂ ಬ್ಯಾಕ್ಟೀರಿಯಾ. ಬಾಟ್ಲಿಯಲ್ಲಿ ಅದ್ಯಾವುದೂ ಇಲ್ಲ. ಗಾಳಿ ಉಸಿರಾಡುವ ಶಕ್ತಿ ಅಮೋನಿಯಾದಿಂದ ಕಾಪಾಡುವುದಿಲ್ಲ. ನೈಟ್ರೈಟ್ ಏರಿದಾಗಲಂತೂ ಅದು ರಕ್ತದ ಹಿಮೋಗ್ಲೋಬಿನನ್ನೇ ಕೆಡಿಸುತ್ತದೆ, ಎಷ್ಟು ಗಾಳಿ ನುಂಗಿದರೂ ರಕ್ತ ಅದನ್ನು ಹೊತ್ತುಕೊಂಡು ಹೋಗಲಾರದು. ಅಂಗಡಿಯ ಕಪ್ಪಿನಲ್ಲಿ ಇರಬಹುದಲ್ಲ ಅಂದರೆ, ಅಲ್ಲಿ ಮೀನಿಗೆ ಆಹಾರ ಕಡಿಮೆ, ನೀರು ಆಗಾಗ ಬದಲಿಸುತ್ತಾರೆ, ಇರುವುದೂ ಕೆಲವು ದಿನ ಮಾತ್ರ. ಮನೆಯಲ್ಲಿ ವರ್ಷಗಟ್ಟಲೆ ಇರಬೇಕು. ಒಂದು ಫೈಟರಿಗೆ ಕನಿಷ್ಠ 20 ಲೀಟರ್ ಟ್ಯಾಂಕ್ ಇದ್ದರೆ ಒಳ್ಳೆಯದು. ಒಂದು ಟ್ಯಾಂಕಿಗೆ ಒಂದೇ ಗಂಡು.

ನಮ್ಮ ಬಾವಿ ನೀರು: ಒಳ್ಳೆಯದೂ ಉಂಟು, ತೊಂದರೆಯೂ ಉಂಟು

ಯೂಟ್ಯೂಬ್ ನೋಡಿ ಟ್ಯಾಂಕ್ ತಯಾರು ಮಾಡಿದವರು ಕೂಡ ನಮ್ಮ ಕಡೆ ಒಂದು ಕಡೆ ಎಡವುತ್ತಾರೆ. ಬೇರೆ ಊರಿನ ವಿಡಿಯೋಗಳಲ್ಲಿ ಹೇಳುವುದು ನಲ್ಲಿ ನೀರಿನ ಕ್ಲೋರಿನ್ ಬಗ್ಗೆ. ನಮ್ಮ ಹಳ್ಳಿಗಳಲ್ಲಿ ಹೆಚ್ಚಿನವರು ಬಳಸುವುದು ಮುರಕಲ್ಲಿನ ಬಾವಿಯ ನೀರು. ಅದರಲ್ಲಿ ಕ್ಲೋರಿನ್ ಇಲ್ಲ, ಅದು ಲಾಭ.

ಆದ್ರೆ ಮುರಕಲ್ಲಿನ ನೆಲದಲ್ಲಿ ಇಂಗಿ ಬರುವ ಮಳೆ ನೀರು ಬಹಳ ಮೆದು. ಸುಣ್ಣದ ಅಂಶ ಕಡಿಮೆ, ಹಲವು ಬಾವಿಗಳಲ್ಲಿ ಸ್ವಲ್ಪ ಆಮ್ಲೀಯ, ಅಂದರೆ ಪಿಎಚ್ 7ಕ್ಕಿಂತ ಕೆಳಗೆ. ಸೋಪು ಚೆನ್ನಾಗಿ ನೊರೆ ಬರುವುದು, ಬಿಸಿನೀರಿನ ಹಂಡೆಯಲ್ಲಿ ಬಿಳಿ ಪದರ ಕೂರದಿರುವುದು ಇದಕ್ಕೇ. ಕುಡಿಯಲು, ಬಟ್ಟೆ ಒಗೆಯಲು ಉತ್ತಮ. ಬೆಟ್ಟ ಮೀನಿಗೂ ಮೆದು ನೀರು ಇಷ್ಟವೇ. ಬ್ಯಾಕ್ಟೀರಿಯಾಕ್ಕೆ ಮಾತ್ರ ಆಗುವುದಿಲ್ಲ.

ಕಾರಣ ಇದು. ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಬ್ಯಾಕ್ಟೀರಿಯಾ ಆಮ್ಲವನ್ನು ಹೊರಬಿಡುತ್ತದೆ. ಆ ಆಮ್ಲವನ್ನು ತಟಸ್ಥ ಮಾಡಲು ನೀರಿನಲ್ಲಿ ಸುಣ್ಣದಂಥ ಕ್ಷಾರ ಬೇಕು. ಲೆಕ್ಕ ಹೇಳುವುದಾದರೆ 1 ಗ್ರಾಂ ಅಮೋನಿಯಾ ನೈಟ್ರೋಜನ್ ಬದಲಾಗಲು ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ ಖರ್ಚಾಗುತ್ತದೆ. ನಮ್ಮ ನೀರಿನಲ್ಲಿ ಅದು ಇರುವುದೇ ಚೂರು. ಎರಡು ವಾರಕ್ಕೆ ಮುಗಿಯುತ್ತದೆ, ಪಿಎಚ್ 6ರ ಕೆಳಗೆ ಇಳಿಯುತ್ತದೆ, ಬ್ಯಾಕ್ಟೀರಿಯಾ ಕೆಲಸ ಬಹುತೇಕ ನಿಲ್ಲಿಸುತ್ತದೆ. ಎರಡು ತಿಂಗಳಾದರೂ ಟ್ಯಾಂಕ್ ತಯಾರಾಗುವುದಿಲ್ಲ.

ಇದರಲ್ಲಿ ಇನ್ನೊಂದು ಅಪಾಯ ಅಡಗಿದೆ. ಆಮ್ಲೀಯ ನೀರಿನಲ್ಲಿ ಅಮೋನಿಯಾದ ಹೆಚ್ಚಿನ ಭಾಗ ಅಮೋನಿಯಂ ಎಂಬ ಕಡಿಮೆ ಹಾನಿಯ ರೂಪದಲ್ಲಿ ಇರುತ್ತದೆ. 28 ಡಿಗ್ರಿ ಉಷ್ಣಾಂಶದಲ್ಲಿ ಪಿಎಚ್ 6.5 ಇದ್ದರೆ ವಿಷರೂಪದ್ದು ನೂರಕ್ಕೆ 0.2 ಮಾತ್ರ. ಪಿಎಚ್ 7.5 ಆದರೆ ನೂರಕ್ಕೆ ಸುಮಾರು 2, ಅಂದರೆ ಹತ್ತು ಪಟ್ಟು. ಕಶ್ಮಲ ತುಂಬಿದ ಆಮ್ಲೀಯ ಟ್ಯಾಂಕಿನಲ್ಲಿ ಮೀನು ಹೇಗೋ ಬದುಕಿರುತ್ತದೆ. ಯಾರೋ ಹೇಳಿದರು ಅಂತ ಒಂದು ದಿನ ಸೋಡಾ ಪುಡಿಯನ್ನೋ ಸುಣ್ಣವನ್ನೋ ಹಾಕಿ ಪಿಎಚ್ ಏರಿಸಿದರೆ, ಅಲ್ಲೇ ಇದ್ದ ಅಮೋನಿಯಂ ವಿಷವಾಗಿ ತಿರುಗಿ ಮೀನು ಗಂಟೆಗಳಲ್ಲಿ ಸಾಯಬಹುದು. ಆದ್ದರಿಂದ ನೀರಿನ ಕ್ಷಾರವನ್ನು ಸರಿ ಮಾಡುವ ಕೆಲಸ ಮೀನು ಬರುವ ಮುಂಚೆ, ಮೊದಲ ದಿನವೇ ಆಗಬೇಕು.

ಅಡುಗೆಮನೆಯಲ್ಲೇ ಉಂಟು ಪರಿಹಾರ

ಮರುವಾಯಿ ಸುಕ್ಕ ಮಾಡಿದ ದಿನ ಚಿಪ್ಪು ಬಿಸಾಡಬೇಡಿ. ಆ ಚಿಪ್ಪು ಬಹುತೇಕ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್. ಹಿಂದೆ ಸುಣ್ಣ ಸುಡುತ್ತಿದ್ದದ್ದೂ ಚಿಪ್ಪಿನಿಂದಲೇ ತಾನೇ. ಮಾಂಸ, ಮಸಾಲೆ ಚೂರೂ ಉಳಿಯದ ಹಾಗೆ ತಿಕ್ಕಿ, ಹತ್ತು ನಿಮಿಷ ಕುದಿಸಿ, ಬಿಸಿಲಿಗೆ ಒಣಗಿಸಿ. 20 ಲೀಟರ್ ಟ್ಯಾಂಕಿಗೆ ಒಂದು ಹಿಡಿಯಷ್ಟು ಚಿಪ್ಪಿನ ಚೂರನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ಪಕ್ಕ ಇಡಿ. ನೀರು ಆಮ್ಲೀಯವಾದಾಗ ಚಿಪ್ಪು ಸ್ವಲ್ಪ ಕರಗುತ್ತದೆ, ಪಿಎಚ್ ಏರಿದಂತೆ ಕರಗುವುದು ತಾನಾಗಿಯೇ ನಿಧಾನವಾಗುತ್ತದೆ. ಮನೆಯಲ್ಲಿ ಮೀನು, ಮರುವಾಯಿ ಮಾಡದವರು ಅಕ್ವೇರಿಯಂ ಅಂಗಡಿಯಲ್ಲಿ ಹವಳದ ಚೂರು ಕೇಳಬಹುದು. ಎಲೆ ಅಡಿಕೆಗೆ ಹಾಕುವ ಸುಣ್ಣ ಮಾತ್ರ ಬೇಡ, ಅದು ಒಮ್ಮೆಲೇ ಪಿಎಚ್ ಏರಿಸುತ್ತದೆ.

ಪೇಟೆಯ ನಲ್ಲಿ ನೀರು ಬಳಸುವವರಿಗೆ ಕ್ಲೋರಿನ್ ಚಿಂತೆ ಉಂಟು. ಬಂಟ್ವಾಳ ಪೇಟೆಗೆ ಬರುವುದು ನೇತ್ರಾವತಿಯ ನೀರು, ಶುದ್ಧೀಕರಿಸಿ ಕ್ಲೋರಿನ್ ಹಾಕಿ ಬಿಡುತ್ತಾರೆ. ಅಗಲ ಬಾಯಿಯ ಬಕೆಟಿನಲ್ಲಿ 24 ಗಂಟೆ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ. ಅವಸರ ಇದ್ದರೆ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಸಾಕು. ಬೋರ್‌ವೆಲ್ ನೀರನ್ನು ರಾತ್ರಿ ಬಕೆಟಿನಲ್ಲಿಟ್ಟು ಬೆಳಗ್ಗೆ ನೋಡಿ. ಕೆಂಪು ಗಸಿ ಕೂತಿದ್ದರೆ ಕಬ್ಬಿಣದ ಅಂಶ ಉಂಟು ಅಂತ ಅರ್ಥ, ಮೇಲಿನ ತಿಳಿ ನೀರನ್ನು ಮಾತ್ರ ಬಳಸಿ.

ಟ್ಯಾಂಕ್ ತಯಾರು ಮಾಡುವ ಕ್ರಮ

ಮೊದಲ ದಿನ: ಟ್ಯಾಂಕ್, ಕಲ್ಲು ಎಲ್ಲವನ್ನೂ ಬರೀ ನೀರಿನಲ್ಲಿ ತೊಳೆಯಿರಿ, ಸೋಪು ಮುಟ್ಟಿಸಬೇಡಿ. ಸ್ಪಂಜ್ ಫಿಲ್ಟರ್ ಮತ್ತು ಸಣ್ಣ ಏರ್ ಪಂಪ್ ಜೋಡಿಸಿ. ಬ್ಯಾಕ್ಟೀರಿಯಾ ಮನೆ ಮಾಡುವುದು ಆ ಸ್ಪಂಜಿನಲ್ಲಿ, ನೀರಿನಲ್ಲಿ ತೇಲುವುದು ಬಹಳ ಕಡಿಮೆ. ಚಿಪ್ಪಿನ ಚೀಲ ಇಳಿಸಿ. ಮೀನಿಲ್ಲದೆ ಫಿಲ್ಟರ್ ಓಡಿಸಿ, ಹಗಲೂ ರಾತ್ರಿಯೂ.

ಎರಡನೇ ದಿನದಿಂದ: ಮೀನು ಇದೆ ಅಂತಲೇ ಲೆಕ್ಕ ಹಾಕಿ ದಿನಕ್ಕೊಂದು ಸಣ್ಣ ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಬಿಡುತ್ತದೆ, ಬ್ಯಾಕ್ಟೀರಿಯಾಕ್ಕೆ ಊಟ ಸಿಗುತ್ತದೆ. ಆರಂಭಕ್ಕೆ ಸ್ವಲ್ಪ ವೇಗ ಬೇಕಾದರೆ ಉಪ್ಪು, ಮಸಾಲೆ ಮುಟ್ಟದ ಹಸಿ ಸಿಗಡಿಯ ಸಣ್ಣ ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಎರಡು ಮೂರು ದಿನ ಇಟ್ಟು ತೆಗೆಯಬಹುದು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ 2 ಪಿಪಿಎಂ ಆಸುಪಾಸು ಇರಲಿ. 5 ದಾಟಿದರೆ ಅರ್ಧ ನೀರು ಬದಲಿಸಿ.

ಒಂದರಿಂದ ಎರಡನೇ ವಾರ: ಅಮೋನಿಯಾ ಏರುತ್ತದೆ. ನೀರು ಹಾಲಿನಂತೆ ಮಸುಕಾಗಬಹುದು, ಹೆದರಬೇಡಿ, ತಾನಾಗಿ ತಿಳಿಯಾಗುತ್ತದೆ.

ಎರಡರಿಂದ ನಾಲ್ಕನೇ ವಾರ: ಅಮೋನಿಯಾ ಇಳಿಯಲು ಶುರುವಾಗುತ್ತದೆ, ನೈಟ್ರೈಟ್ ಏರುತ್ತದೆ. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಅಮೋನಿಯಾ ಸೊನ್ನೆ ಆಯ್ತಲ್ಲ ಅಂತ ಮೀನು ತಂದು ಬಿಡುತ್ತಾರೆ, ನೈಟ್ರೈಟ್ ನೋಡುವುದಿಲ್ಲ.

ನಾಲ್ಕರಿಂದ ಆರನೇ ವಾರ: ನೈಟ್ರೈಟ್ ಕೂಡ ಇಳಿಯುತ್ತದೆ, ನೈಟ್ರೇಟ್ ಕಾಣಿಸುತ್ತದೆ. ದಿನಾ ಅಷ್ಟೇ ಆಹಾರ ಹಾಕುತ್ತಿದ್ದರೂ ಅಮೋನಿಯಾ, ನೈಟ್ರೈಟ್ ಎರಡೂ ಸತತ ನಾಲ್ಕು ದಿನ ಸೊನ್ನೆ ತೋರಿಸಿದರೆ ಟ್ಯಾಂಕ್ ತಯಾರು. ಕೊಳೆತ ಆಹಾರವನ್ನು ಪೈಪಿನಿಂದ ಎಳೆದು, ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಮರುದಿನ ಮೀನು ತನ್ನಿ.

ಮೂರನೇ ವಾರದಲ್ಲಿ ಎಲ್ಲವೂ ನಿಂತ ಹಾಗೆ ಕಂಡರೆ ಮೊದಲು ಪಿಎಚ್ ನೋಡಿ. 6.5ಕ್ಕಿಂತ ಕೆಳಗಿದ್ದರೆ ಸ್ವಲ್ಪ ನೀರು ಬದಲಿಸಿ ಇನ್ನಷ್ಟು ಚಿಪ್ಪು ಸೇರಿಸಿ.

ಹೆಪ್ಪು ಹಾಕಿದರೆ ಬೇಗ ಆಗುತ್ತದೆ

ಮೊಸರಿಗೆ ಹೆಪ್ಪು ಹಾಕಿದ ಹಾಗೆ ಇಲ್ಲಿಯೂ ಆಗುತ್ತದೆ. ತಿಂಗಳುಗಟ್ಟಲೆ ಆರೋಗ್ಯವಾಗಿ ಓಡುತ್ತಿರುವ ಬೇರೆಯವರ ಟ್ಯಾಂಕಿನ ಫಿಲ್ಟರ್ ಸ್ಪಂಜಿನ ತುಂಡು ಸಿಕ್ಕಿದರೆ ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ ತನ್ನಿ. ಒಣಗಿಸಬೇಡಿ, ಬಿಸಿಲಿಗೆ ಇಡಬೇಡಿ. ನಿಮ್ಮ ಫಿಲ್ಟರಿಗೆ ಒತ್ತಿ ಇಟ್ಟರೆ ಆರು ವಾರದ ಕೆಲಸ ಒಂದೆರಡು ವಾರಕ್ಕೆ ಮುಗಿಯಬಹುದು. ಆ ಟ್ಯಾಂಕಿನ ಮೀನಿಗೆ ರೋಗ ಇಲ್ಲ ಅಂತ ಮಾತ್ರ ಖಾತ್ರಿ ಮಾಡಿಕೊಳ್ಳಿ. ಬರೀ ಹಳೆ ನೀರು ತಂದರೆ ಪ್ರಯೋಜನ ಕಡಿಮೆ.

ಮೀನು ತಂದಾಗಿದೆ, ಈಗೇನು?

ಇದನ್ನು ಓದುವ ಹೊತ್ತಿಗೆ ಟ್ಯಾಂಕಿನಲ್ಲಿ ಮೀನು ಇದ್ದರೆ ಗಾಬರಿ ಬೇಡ. ಉಳಿಸಬಹುದು.

- ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ. ಅಮೋನಿಯಾ ಅಥವಾ ನೈಟ್ರೈಟ್ 0.5 ಪಿಪಿಎಂ ಕಂಡರೆ ಅದೇ ದಿನ ಬದಲಿಸಿ. ಹೊಸ ನೀರು ಟ್ಯಾಂಕಿನಷ್ಟೇ ಬೆಚ್ಚಗಿರಲಿ.
- ಆಹಾರ ದಿನಕ್ಕೆ ಎರಡು ಮೂರು ಕಾಳು ಸಾಕು. ವಾರಕ್ಕೊಂದು ದಿನ ಉಪವಾಸ ಹಾಕಿದರೂ ತೊಂದರೆ ಇಲ್ಲ.
- ಬೇಗ ಬೆಳೆಯುವ ನೀರು ಗಿಡ ಹಾಕಿ. ಅದು ಅಮೋನಿಯಾವನ್ನು ನೇರವಾಗಿ ಹೀರುತ್ತದೆ.
- ಹೆಪ್ಪಿನ ಸ್ಪಂಜ್ ಹುಡುಕಿ.
- ಒಮ್ಮೆಲೇ ಪಿಎಚ್ ಏರಿಸುವ ಕೆಲಸ ಮಾಡಬೇಡಿ. ಚಿಪ್ಪು ಹಾಕುವುದಾದರೆ ನೀರು ಬದಲಿಸಿ ಅಮೋನಿಯಾ ಇಳಿಸಿದ ಮೇಲೆ, ಒಂದೊಂದೇ ಚೂರು.

ವಾರಕ್ಕೊಮ್ಮೆ ಇಡೀ ಟ್ಯಾಂಕ್ ಖಾಲಿ ಮಾಡಿ, ಕಲ್ಲು, ಫಿಲ್ಟರ್ ಎಲ್ಲ ನಲ್ಲಿಯಡಿ ತಿಕ್ಕಿ ತೊಳೆಯುವ ಅಭ್ಯಾಸ ಹಲವರಿಗುಂಟು. ಶುಚಿ ಮಾಡಿದ ಸಮಾಧಾನ ಸಿಗುತ್ತದೆ, ಆದ್ರೆ ಕಟ್ಟಿದ ಬ್ಯಾಕ್ಟೀರಿಯಾ ಎಲ್ಲ ಚರಂಡಿಗೆ ಹೋಗಿರುತ್ತದೆ. ಫಿಲ್ಟರ್ ಸ್ಪಂಜನ್ನು ತಿಂಗಳಿಗೊಮ್ಮೆ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿದರೆ ಸಾಕು.

ಮಳೆಗಾಲದಲ್ಲಿ ಮೂರು ಎಚ್ಚರಿಕೆ

ಒಂದು, ಬ್ಲೀಚಿಂಗ್ ಪೌಡರ್. ಮಳೆಗಾಲ ಶುರುವಾದಾಗ ಬಾವಿಗೆ ಬ್ಲೀಚಿಂಗ್ ಹಾಕುವುದು ಆರೋಗ್ಯಕ್ಕೆ ಅಗತ್ಯ. ಆದ್ರೆ ಅದು ಕ್ಲೋರಿನ್. ಮೀನಿಗೂ, ಸ್ಪಂಜಿನ ಬ್ಯಾಕ್ಟೀರಿಯಾಕ್ಕೂ ಅಪಾಯ. ಹಾಕುವ ಮುಂಚೆಯೇ ಎರಡು ಬಕೆಟ್ ನೀರು ತೆಗೆದಿಡಿ. ಇಲ್ಲದಿದ್ದರೆ ಆ್ಯಂಟಿ ಕ್ಲೋರಿನ್ ಬಳಸಿ.

ಎರಡು, ಅಡಕೆಗೆ ಮದ್ದು ಬಿಡುವ ಸಮಯ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು, ಅಂದರೆ ತಾಮ್ರ ಇರುತ್ತದೆ. ಮೀನಿಗೆ ತಾಮ್ರ ವಿಷ, ನಮ್ಮಂಥ ಮೆದು ನೀರಿನಲ್ಲಿ ಅದರ ಪರಿಣಾಮ ಇನ್ನೂ ಜಾಸ್ತಿ. ಮದ್ದು ಬಿಟ್ಟ ಕೈಯಲ್ಲಿ ಟ್ಯಾಂಕ್ ಮುಟ್ಟಬೇಡಿ, ಮದ್ದು ಕಲಸಿದ ಬಕೆಟನ್ನು ಮೀನಿನ ನೀರಿಗೆ ಬಳಸಬೇಡಿ. ತೋಟದೊಳಗಿನ ತೆರೆದ ಬಾವಿಯಾದರೆ ಆ ದಿನಗಳಲ್ಲಿ ಬೇರೆ ನೀರು ನೋಡಿ.

ಮೂರು, ಕರೆಂಟ್. ಗಾಳಿ ಮಳೆಗೆ ಮರ ಬಿದ್ದು ಒಂದೆರಡು ದಿನ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ಹೊಸತಲ್ಲ. ಫೈಟರ್ ಗಾಳಿ ಉಸಿರಾಡಿ ಬದುಕುತ್ತದೆ, ಸ್ಪಂಜಿನ ಬ್ಯಾಕ್ಟೀರಿಯಾಕ್ಕೆ ಮಾತ್ರ ಆಮ್ಲಜನಕ ಬೇಕೇ ಬೇಕು. ಬ್ಯಾಟರಿಯ ಏರ್ ಪಂಪ್ ಒಂದು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗಂಟೆ, ಎರಡು ಗಂಟೆಗೊಮ್ಮೆ ಲೋಟದಲ್ಲಿ ನೀರೆತ್ತಿ ಮೇಲಿನಿಂದ ಸುರಿಯಿರಿ, ಆ ದಿನ ಆಹಾರ ನಿಲ್ಲಿಸಿ. ಕರೆಂಟ್ ಬಂದ ಮೇಲೆ ಎರಡು ದಿನ ಅಮೋನಿಯಾ ಪರೀಕ್ಷಿಸಿ.

ಉಷ್ಣಾಂಶ 25ರಿಂದ 28 ಡಿಗ್ರಿ ಇರಬೇಕು. ನಮ್ಮ ಕಡೆ ವರ್ಷದ ಹೆಚ್ಚಿನ ದಿನ ಹೀಟರ್ ಬೇಡ. ಚಾರ್ಮಾಡಿ ಘಾಟಿಯ ಬುಡದ ಊರುಗಳಲ್ಲಿ ಡಿಸೆಂಬರ್, ಜನವರಿಯ ರಾತ್ರಿ ನೀರು ತಣ್ಣಗಾಗುವುದುಂಟು. ಸಣ್ಣ ಥರ್ಮಾಮೀಟರ್ ಹಾಕಿ ನೋಡಿ ನಿರ್ಧರಿಸಿ.

ಅಂಗಡಿಯವರಿಗೆ ಇದರಲ್ಲಿ ನಷ್ಟ ಇಲ್ಲ

ಟ್ಯಾಂಕ್ ಇವತ್ತು, ಮೀನು ಮುಂದಿನ ತಿಂಗಳು ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂಬ ಭಯ ಸಹಜ. ಆದ್ರೆ ಎರಡು ಸಲ ಮೀನು ಸತ್ತ ಮನೆಯವರು ಆಹಾರವನ್ನೂ, ಫಿಲ್ಟರನ್ನೂ, ಗಿಡವನ್ನೂ ಮತ್ತೆ ಕೊಳ್ಳುವುದಿಲ್ಲ. ಮೀನು ಎರಡು ಮೂರು ವರ್ಷ ಬದುಕಿದ ಮನೆಯವರು ಎರಡನೇ ಟ್ಯಾಂಕಿಗೆ ಬರುತ್ತಾರೆ.

ಅಂಗಡಿಯಲ್ಲಿ ಮಾಡಬಹುದಾದದ್ದು ಮೂರು ಇವೆ. ಅಂಗಡಿಯ ರೋಗ ಇಲ್ಲದ ಟ್ಯಾಂಕೊಂದರಲ್ಲಿ ಹತ್ತಿಪ್ಪತ್ತು ಸಣ್ಣ ಸ್ಪಂಜ್ ಸದಾ ಹಾಕಿಟ್ಟು, ಹೊಸ ಟ್ಯಾಂಕ್ ಕೊಂಡವರಿಗೆ ಹೆಪ್ಪಾಗಿ ಕೊಡುವುದು. ಅಮೋನಿಯಾ, ನೈಟ್ರೈಟ್ ಟೆಸ್ಟ್ ಕಿಟ್ ಒಂದು ಇಟ್ಟುಕೊಂಡು ಗಿರಾಕಿ ಬಾಟ್ಲಿಯಲ್ಲಿ ತಂದ ನೀರನ್ನು ನೋಡಿ ಹೇಳುವುದು. ಇಷ್ಟ ಆದ ಮೀನಿಗೆ ಮುಂಗಡ ತಕೊಂಡು, ನೀರು ಸರಿಯಾದ ದಿನ ಕೊಡುವುದು. ಮಗುವಿಗೆ ಕಾಯುವುದು ಕಷ್ಟ ನಿಜ. ದಿನಾ ಚಿಟಿಕೆ ಆಹಾರ ಹಾಕುವ, ಟೆಸ್ಟ್ ಕಿಟ್ಟಿನ ಬಣ್ಣ ನೋಡಿ ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ಅವರಿಗೇ ಕೊಟ್ಟರೆ ಆ ಒಂದು ತಿಂಗಳು ಹೇಗೂ ಕಳೆಯುತ್ತದೆ.

ಕೊನೆಗೊಂದು ಮಾತು. ಸಾಕಲು ಆಗುವುದಿಲ್ಲ ಅನಿಸಿದರೆ ಮೀನನ್ನಾಗಲಿ ಟ್ಯಾಂಕಿನ ಗಿಡವನ್ನಾಗಲಿ ತೋಡಿಗೆ, ನೇತ್ರಾವತಿಗೆ, ಮೂಡುಬಿದಿರೆಯ ಹದಿನೆಂಟು ಕೆರೆಗಳಿಗೆ ಬಿಡಬೇಡಿ. ಹೊರಗಿನ ಜೀವಿ ಅಲ್ಲಿ ಬೇರು ಬಿಟ್ಟರೆ ಊರಿನ ಮೀನಿಗೆ ತೊಂದರೆ. ಅಂಗಡಿಗೋ, ಸಾಕುವ ಪರಿಚಯದವರಿಗೋ ಕೊಡಿ. ಓಡುತ್ತಿರುವ ಫಿಲ್ಟರನ್ನೂ ಒದ್ದೆಯಾಗಿಯೇ ಜತೆಗೆ ಕೊಟ್ಟರೆ ಹೊಸ ಮನೆಯಲ್ಲಿ ಮೀನು ಮತ್ತೆ ಆರು ವಾರದ ಕಷ್ಟ ಪಡಬೇಕಾಗಿಲ್ಲ.